ಬಯಲುಸೀಮೆಯವರು ಒರಟರೆ?

ಬಯಲುಸೀಮೆಯ ಜನ ಒರಟರು, ಪರಸ್ಥಳದವರಿಗೆ ಮುಖಗೊಡದವರು ಎಂಬ ಮಾತು ಮಲೆನಾಡು, ಕರಾವಳಿಗಳಲ್ಲಿ ಕೇಳಿಬರುತ್ತದೆ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಸುತ್ತಣ ಸೀಮೆಯನ್ನು ಮುಂದಿಟ್ಟುಕೊಂಡು ಈ ಅಪವಾದವನ್ನು ನಾವು ಪರಿಶೀಲಿಸಬಯಸುತ್ತೇವೆ.

ಅಪವಾದ ಮೊದಲು ಹುಟ್ಟುವುದು ಮಾತಿನಿಂದ. ಹಿಂದೆ ಮೊರಸುನಾಡೆನಿಸಿದ್ದ ಈ ಪ್ರಾಂತದಲ್ಲಿ ಹಿರಿಯರನ್ನೂ 'ಬಾರಣ್ಣ, ಉಣ್ಣು' ಎಂದು ಏಕವಚನದಲ್ಲಿಯೇ ಕರೆಯುವುದುಂಟು. ಬಹುವಚನಕ್ಕೆ ಒಗ್ಗಿದವರಿಗೆ ಅದು ಅನಾದರವೆಂದು ಕೇಳಿಸಿದರೆ ತಪ್ಪು ಕಿವಿಯದು.

ಇನ್ನು ಇತಿಹಾಸ. 1791ರ ಮಾರ್ಚ್ 21ರಂದು ಬೆಂಗಳೂರು ಕೋಟೆಯನ್ನು ಹಿಡಿದ ಕಾರ್ನ್‌ವಾಲಿಸನ ಸೈನ್ಯ, ನಿಜಾಮನ ಅಶ್ವದಳವನ್ನು ಕೂಡಿಕೊಳ್ಳಲು ಉತ್ತರಾಭಿಮುಖವಾಗಿ ದೇವನಹಳ್ಳಿಯ ಸೀಮೆಯ ಮೇಲೆಯೇ ಸಾಗಿತು. ದಂಡು ಯಾರದಾದರೇನು, ಕಾಳು ಹೋಗುವುದು ರೈತನ ಹಗೇವಿನಿಂದ. ಅಂಥ ಕಾಲದಲ್ಲಿ ಅಪರಿಚಿತರನ್ನು ಕಂಡು ಕದವಿಕ್ಕಿಕೊಂಡವರನ್ನು ಒರಟರೆನ್ನುವುದು ನ್ಯಾಯವಲ್ಲ.

ದಾರಿಹೋಕರಿಗೆ ಅರವಟ್ಟಿಗೆಯಿಡುವುದು, ತೋಪು ಬೆಳೆಸುವುದು ಪುಣ್ಯವೆಂದು ಬಗೆದವರೂ ಈ ಜನರೇ. ನಲ್ಲೂರಿನ ಪುರಾತನ ಹುಣಿಸೆತೋಪು (2007ರಲ್ಲಿ ಭಾರತದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾದುದು) ಬಂದವರ ಊರು ಕೇಳದೆ ನೆರಳು ಕೊಡುತ್ತದೆ.

ಆದರೆ ನಮ್ಮ ಸಮರ್ಥನೆಗೆ ಇಲ್ಲೊಂದು ತೊಡಕಿದೆ. ಅರವಟ್ಟಿಗೆಯ ನೀರು ಎಲ್ಲರಿಗೂ ಒಂದೇ ರೀತಿಯಲ್ಲಿ ದೊರೆಯುತ್ತಿರಲಿಲ್ಲ. ಅಸ್ಪೃಶ್ಯರೆನಿಸಿದವರು ದೂರ ನಿಂತು, ಬಾಗಿ, ಬೊಗಸೆಯೊಡ್ಡಬೇಕಾಗಿತ್ತು. ಅವರ ಪಾಲಿಗೆ ಊರು ಒರಟಾಗಿಯೇ ಇತ್ತು. ಸಾರ್ವಜನಿಕ ಬಾವಿ ಕೆರೆಗಳಲ್ಲಿ ಈ ಭೇದವನ್ನು, ಕಾನೂನಿನ ಮಟ್ಟಿಗಾದರೂ, ನಿಷೇಧಿಸಿದ್ದು 1950ರಲ್ಲಿ ಜಾರಿಗೆ ಬಂದ ಸಂವಿಧಾನ. ಬಯಲುಸೀಮೆಯನ್ನು ದೂರುವವರು ಈ ದೋಷವನ್ನು ಮಾತ್ರ ಎತ್ತುವುದಿಲ್ಲ; ಅವರ ಊರುಗಳಲ್ಲಿಯೂ ನಡೆದದ್ದು ಇದೇ.