ಬೆಳ್ಳಗಿರುವುದೆಲ್ಲ ಹಿಮವಲ್ಲ

ಇಟಲಿಯ ಪಶ್ಚಿಮ ಕರಾವಳಿಯ ಕರಾರಾ ಊರಿನಿಂದ ಬೆಟ್ಟದತ್ತ ಕತ್ತೆತ್ತಿದರೆ ಕಡುಬೇಸಿಗೆಯಲ್ಲೂ ಇಳಿಜಾರುಗಳು ಬೆಳ್ಳಗೆ ಹೊಳೆಯುತ್ತವೆ. ಹೊಸಬರು ಅದನ್ನು ಹಿಮವೆಂದೇ ನಂಬುತ್ತಾರೆ. ಅದು ಅಮೃತಶಿಲೆಯ ಗಣಿಗಳಿಂದ ಸುರಿದ ಕಲ್ಲುಚೂರು.

ಈ ಶ್ರೇಣಿಯ ಹೆಸರು ಅಪುವಾನ್ ಆಲ್ಪ್ಸ್. ಹೆಸರಲ್ಲಿ ಆಲ್ಪ್ಸ್ ಇದ್ದರೂ ಇದು ಟಸ್ಕನಿಯ ವಾಯವ್ಯ ಮೂಲೆಯಲ್ಲಿ, ಅಪೆನ್ನೈನ್ ಸಾಲಿಗೆ ಒತ್ತಿಕೊಂಡಿರುವ ಪುಟ್ಟ ಬೆಟ್ಟಸಾಲು. ಅತಿ ಎತ್ತರದ ಪಿಸಾನಿನೊ ಶಿಖರವೂ 2,000 ಮೀಟರ್ ಮುಟ್ಟುವುದಿಲ್ಲ. ಆದರೆ ಸಮುದ್ರದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಗೋಡೆಯಂತೆ ಎದ್ದು ನಿಂತಿರುವುದರಿಂದ ನೋಟಕ್ಕೆ ಮಾತ್ರ ಭಾರೀ. ಕಡಲ ತೇವದ ಗಾಳಿ ಈ ಗೋಡೆಗೆ ಬಡಿದು, ಕೆಲವೆಡೆ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಸುತ್ತದೆ.

ಅಷ್ಟು ನೀರು ಹೋಗುವುದೆಲ್ಲಿಗೆ? ನೆಲದೊಳಕ್ಕೆ. ಸುಮಾರು 20 ಕೋಟಿ ವರ್ಷಗಳ ಹಿಂದೆ ಬೆಚ್ಚಗಿನ ಸಮುದ್ರದ ತಳದಲ್ಲಿ ಕೂಡಿಕೊಂಡ ಸುಣ್ಣಕಲ್ಲು, ಮುಂದೆ ಭೂಮಿಯ ಒತ್ತಡಕ್ಕೂ ಕಾವಿಗೂ ಸಿಕ್ಕಿ ಅಮೃತಶಿಲೆಯಾಯಿತು. ಈ ಕಲ್ಲನ್ನು ಮಳೆನೀರು ನಿಧಾನವಾಗಿ ಕರಗಿಸುತ್ತದೆ. ಹಾಗೆ ಕೊರೆದುಕೊಂಡ ಕೊರ್ಕಿಯಾ ಗುಹೆಯ ಆಳ ಸುಮಾರು 1,200 ಮೀಟರ್. ಇನ್ನೊಂದೆಡೆ ಫೊರಾತೊ ಬೆಟ್ಟದ ನೆತ್ತಿಯಲ್ಲೇ ದೊಡ್ಡ ಕಿಂಡಿ ಬಿದ್ದು ಕಲ್ಲಿನ ಕಮಾನು ಉಳಿದಿದೆ. ಕೆಳಗೆ ಚೆಸ್ಟ್‌ನಟ್ ಕಾಡು, ಮೇಲೆ ಬೀಚ್ ಮರಗಳು, ಇನ್ನೂ ಮೇಲೆ ಬರೀ ಬಂಡೆ. ಅಲ್ಲಿ ಕಾಗೆಯ ಬಳಗದ, ಕೆಂಪು ಕೊಕ್ಕಿನ ಚಫ್ ಹಕ್ಕಿಗಳು ಗಾಳಿಯಲ್ಲಿ ಲಾಗ ಹಾಕುತ್ತವೆ.

ರೋಮನ್ನರ ಕಾಲದಿಂದಲೂ ಇಲ್ಲಿ ಕಲ್ಲು ಕಡಿಯುತ್ತಿದ್ದಾರೆ. ಮೈಕೆಲಾಂಜೆಲೊನ ಡೇವಿಡ್ ಕೂಡ ಕರಾರಾದ ಕಲ್ಲೇ. ಹಿಂದೆ ಕಾರ್ಮಿಕರು ಟನ್‌ಗಟ್ಟಲೆ ತೂಕದ ಬಂಡೆಗಳನ್ನು ಸೋಪು ಸವರಿದ ಮರದ ದಿಮ್ಮಿಗಳ ಮೇಲೆ, ಹಗ್ಗ ಬಿಗಿಹಿಡಿದು ಇಳಿಜಾರಿನಲ್ಲಿ ಜಾರಿಸುತ್ತಿದ್ದರು. ಹಗ್ಗ ಕಡಿದರೆ ಕೆಳಗಿದ್ದವರ ಕಥೆ ಮುಗಿದಂತೆ. ಅವರ ಬುತ್ತಿಯಲ್ಲಿರುತ್ತಿದ್ದ, ಅಮೃತಶಿಲೆಯ ತೊಟ್ಟಿಯಲ್ಲಿ ಉಪ್ಪು-ಮಸಾಲೆ ಹಾಕಿ ಹದಗೊಳಿಸಿದ ಹಂದಿಕೊಬ್ಬು ಈಗ ಕೊಲೊನ್ನಾಟಾ ಹಳ್ಳಿಯ ದುಬಾರಿ ತಿನಿಸು.

ಇಂದು ಅಗೆದ ಕಲ್ಲಿನಲ್ಲಿ ಶಿಲ್ಪಕ್ಕೆ ಹೋಗುವುದು ಅತ್ಯಲ್ಪ. ದೊಡ್ಡ ಪಾಲು ಪುಡಿಯಾಗಿ ಟೂತ್‌ಪೇಸ್ಟ್, ಕಾಗದ, ಬಣ್ಣದ ಕಾರ್ಖಾನೆ ಸೇರುತ್ತದೆ. ಕೊಯ್ಯುವಾಗ ಬರುವ ನುಣ್ಣನೆಯ ಕೆಸರು ಬಿರುಕುಗಳಲ್ಲಿ ಇಳಿದು ಊಟೆಗಳನ್ನು ಕದಡುತ್ತದೆ. ಜೋರು ಮಳೆಯಾದರೆ ಹಳ್ಳಗಳು ಹಾಲಿನ ಬಣ್ಣಕ್ಕೆ ತಿರುಗುತ್ತವೆ. 1985ರಲ್ಲಿ ಇಲ್ಲಿ ಪ್ರಾದೇಶಿಕ ಉದ್ಯಾನ ಸ್ಥಾಪನೆಯಾಯಿತು, ಮುಂದೆ ಯುನೆಸ್ಕೋ ಜಿಯೋಪಾರ್ಕ್ ಮಾನ್ಯತೆಯೂ ಬಂತು. ಆದರೆ ಉದ್ಯಾನದ ನಕ್ಷೆಯ ನಡುನಡುವೆ ಗಣಿಗಳಿಗೆ ಬಿಟ್ಟ ತುಂಡುಗಳು ಹಾಗೇ ಇವೆ. ಇದನ್ನು ಸಂರಕ್ಷಣೆ ಎನ್ನುವುದಕ್ಕಿಂತ ರಾಜಿ ಎನ್ನುವುದೇ ಸರಿ.

ಹೋಗುವ ಅವಕಾಶ ಸಿಕ್ಕವರು ಗಣಿಯ ಜೀಪ್ ಸವಾರಿ ಮುಗಿಸಿ ಹಿಂದಿರುಗಬಾರದು. ಲೆವಿಲ್ಯಾನಿ ಹಳ್ಳಿಯ ಬಳಿ ಕೊರ್ಕಿಯಾ ಗುಹೆಯ ಒಂದು ಭಾಗವನ್ನು ಮಾರ್ಗದರ್ಶಕರ ಜೊತೆ ನೋಡಬಹುದು. ಒಳಗೆ ವರ್ಷವಿಡೀ ಸುಮಾರು 8 ಡಿಗ್ರಿ ಚಳಿ; ಬೇಸಿಗೆಯಾದರೂ ಸ್ವೆಟರ್ ಮರೆಯಬೇಡಿ.