ಹೊಟ್ಟಿಗೂ ಬೆಲೆ ಐತ್ರಿ, ಬಿಸಿಗೂ ಲೆಕ್ಕ ಬೇಕ್ರಿ!

ಸಿರುಗುಪ್ಪ: ಭತ್ತದ ಸುಗ್ಗಿ ಬಂತೆಂದರೆ ನಮ್ಮೂರ ಮಿಲ್ಲುಗಳಿಗೆ ಹಗಲು ರಾತ್ರಿ ಎಲ್ಲಾ ಒಂದೇ. ಹಿಂದುಗಡೆ ಹೊಟ್ಟಿನ ಗುಡ್ಡ, ಮೇಲುಗಡೆ ಚಿಮಣಿ ಹೊಗೆ. ಒಣಹಾಕಿದ ಬಟ್ಟೆ ಮೇಲೆ ಕರಿಬೂದಿ ಕೂತರೆ ಓಣಿಯ ಹೆಣ್ಣುಮಕ್ಕಳು ನಾಲ್ಕು ಬೈದು ಒಳಗೆ ಹೋಗುತ್ತಾರೆ. ಮಿಲ್ಲಿನ ಕಡೆಯವರ ಉತ್ತರ ಒಂದೇ: "ಹೊಟ್ಟು ತಾನೇ, ಉರೀಲಿ ಬಿಡ್ರಿ!"

ಹಾಗೆ ಬಿಡೋ ಹಂಗಿಲ್ಲ ಸ್ವಾಮಿ. ಒಂದು ಕ್ವಿಂಟಲ್ ಭತ್ತಕ್ಕೆ ಸುಮಾರು 20 ಕೆ.ಜಿ. ಹೊಟ್ಟು ಬರುತ್ತದೆ. ಕೆ.ಜಿ. ಒಂದಕ್ಕೆ 3000 ಕಿಲೋ ಕ್ಯಾಲರಿಯಷ್ಟು ಶಾಖ. ಕುಡತಿನಿಯ ವಿದ್ಯುತ್ ಕೇಂದ್ರಕ್ಕೆ ಕಲ್ಲಿದ್ದಲು ದೂರದಿಂದ ರೈಲು ಹತ್ತಿ ಬರಬೇಕು. ನಮ್ಮ ಇಂಧನವೋ, ತುಂಗಭದ್ರಾ ಕಾಲುವೆ ನೀರು ಕುಡಿದು ಇಲ್ಲೇ ಬೆಳೆಯುತ್ತದೆ. ಕಲ್ಲಿದ್ದಲು ಒಮ್ಮೆ ಸುಟ್ಟರೆ ಮುಗಿಯಿತು, ಹೊಟ್ಟು ಪ್ರತಿ ಬೆಳೆಗೂ ಮತ್ತೆ ಬರುತ್ತದೆ.

ಬರುತ್ತದೆ ಅಂತ ಗಾಳಿಗೆ ತೂರಬೇಕೇ? ಸ್ಟೀಮ್ ಅಕ್ಕಿ ಮಾಡುವ ಮಿಲ್ಲಿನ ಬಾಯ್ಲರ್ ಕೋಣೆಯಲ್ಲಿ ಹತ್ತು ನಿಮಿಷ ನಿಂತು ನೋಡಿ. ಹೊರಗಿನ ಬಳ್ಳಾರಿ ಬಿಸಿಲೇ ವಾಸಿ ಅನ್ನಿಸೀತು. ಹೊದಿಕೆ ಇಲ್ಲದ ಹಬೆ ಪೈಪು ಅಲ್ಲಿದ್ದರೆ, ಅದು ಭತ್ತಕ್ಕೆ ಹೋಗಬೇಕಾದ ಬಿಸಿಯನ್ನು ಬಾಯ್ಲರ್ ಕಾಯುವವನ ಮೈಗೆ ಬಡಿಯುತ್ತದೆ. ಗ್ಲಾಸ್ ವುಲ್ ಸುತ್ತಿ ತಗಡು ಹೊದಿಸಿದರೆ ಮಾಲೀಕನ ಹೊಟ್ಟೂ ಉಳಿಯಿತು, ಕೂಲಿಯವನ ಜೀವಕ್ಕೂ ತಂಪು.

ಇನ್ನೊಂದು ದಾರಿ ಇದೆ. ಡ್ರೈಯರ್ ಕಾಯಿಲ್‌ನಲ್ಲಿ ಹಬೆ ತಣಿದು ಬಿಸಿನೀರಾಗುತ್ತದೆ. ಅದನ್ನು ಚರಂಡಿಗೆ ಬಿಡದೆ ಬಾಯ್ಲರ್‌ಗೇ ವಾಪಸ್ ಕೊಡಬೇಕು. ಒಳಹೋಗುವ ನೀರು 6 ಡಿಗ್ರಿ ಬಿಸಿಯಾದಷ್ಟಕ್ಕೂ ಇಂಧನ ನೂರಕ್ಕೆ ಸುಮಾರು ಒಂದು ಪಾಲು ಉಳಿಯುತ್ತದೆ. 30 ಡಿಗ್ರಿಯ ನೀರನ್ನು 90ಕ್ಕೆ ತಂದರೆ ಹತ್ತು ಮೂಟೆ ಸುಡುವಲ್ಲಿ ಒಂಬತ್ತು ಸಾಕು! ಕಡಿಮೆ ಸುಟ್ಟರೆ ಬೂದಿಯೂ ಕಡಿಮೆ. ಓಣಿಯವರ ಬಟ್ಟೆಗೂ ಅಷ್ಟು ನೆಮ್ಮದಿ.

ಮಿಲ್ಲಿನವರಿಗೆ ಮಾತ್ರ ಬುದ್ಧಿ ಹೇಳಿದರೆ ಹೇಗೆ? ಮನೆಯಲ್ಲಿ ನಾವೇನು ಕಮ್ಮಿ? ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹತ್ತರಲ್ಲಿ ಒಂದು ಪಾಲಷ್ಟೇ ಪಾತ್ರೆಗೆ ಮುಟ್ಟುತ್ತದೆ. ಉಳಿದದ್ದು ಗೋಡೆಗೆ, ಗಾಳಿಗೆ. ಹೊಗೆ ಮಾತ್ರ ಹೆಣ್ಣುಮಕ್ಕಳ ಕಣ್ಣಿಗೆ. ಇದನ್ನು ಕಂಡೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಘಟಕ ಹೊಗೆ ಕೊಳವೆಯ ಒಲೆ ಮಾಡಿ ಹಳ್ಳಿಗೆ ತಂದಿತು. ಈಗ ಗ್ಯಾಸ್ ಬಂದಿದೆ, ಸರಿ. ಆದರೂ ಕುದಿ ಬಂದ ಮೇಲೆ ಉರಿ ತಗ್ಗಿಸುವವರು ಎಷ್ಟು ಜನ? ಉರಿ ಜಾಸ್ತಿ ಮಾಡಿದರೆ ಕುದಿಯುವ ನೀರು ಇನ್ನಷ್ಟು ಬಿಸಿಯಾಗೋದಿಲ್ಲ, ಸುಮ್ಮನೆ ಆವಿಯಾಗುತ್ತದೆ.

ಹೊಟ್ಟು ಇಲ್ಲೂ ಕೆಲಸಕ್ಕೆ ಬರುತ್ತದೆ. ಬುಟ್ಟಿಯಲ್ಲಿ ಒಣ ಹೊಟ್ಟು ತುಂಬಿ, ಕುದಿ ಬಂದ ಅನ್ನದ ಪಾತ್ರೆಯನ್ನು ಮುಚ್ಚಳ ಬಿಗಿದು ಅದರ ನಡುವೆ ಕೂರಿಸಿ, ಮೇಲೆ ಗೋಣಿಚೀಲ ಹೊದಿಸಿ. ಉರಿಯಿಲ್ಲದೆ ಅನ್ನ ಬೇಯುತ್ತದೆ. ಐಸ್‌ಗಡ್ಡೆ ಕರಗದಂತೆ ಹೊಟ್ಟಿನಲ್ಲಿ ಮುಚ್ಚಿಡುತ್ತಿದ್ದ ಉಪಾಯವೇ ಇದು.

ಇನ್ನು ಸೂರು. ನಮ್ಮ ಹಿರಿಯರ ಮಣ್ಣಿನ ಮಾಳಿಗೆ ಬೇಸಿಗೆಗೆ ತಂಪು ಇತ್ತು. ಅದನ್ನು ಕೆಡವಿ ತಗಡು ಹೊದಿಸಿ ಫ್ಯಾನಿನ ಕೆಳಗೆ ಬೆವರುತ್ತೇವೆ. ಬೇಸಿಗೆಗೆ ಮುಂಚೆ ಚಾವಣಿಗೆ ಎರಡು ಕೈ ಸುಣ್ಣ ಬಳಿದರೂ ಬಿಸಿಲು ವಾಪಸ್ ಹೋಗುತ್ತದೆ. ಸೋಲಾರ್ ಬೇಕೆನ್ನುವವರಿಗೆ 2024ರಲ್ಲಿ ಶುರುವಾದ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂ. ಸಹಾಯಧನ ಗೊತ್ತುಮಾಡಿದ್ದಾರೆ.

ಭತ್ತದ ಕಾಳು ಚೆಲ್ಲಿದರೆ ಆಯ್ದುಕೊಳ್ಳುವ ಊರು ನಮ್ಮದು. ಬಿಸಿ ಚೆಲ್ಲಿದರೆ ಕಣ್ಣಿಗೆ ಕಾಣೋದಿಲ್ಲ, ಅಷ್ಟೇ ವ್ಯತ್ಯಾಸ. ಮುಂದಿನ ಸುಗ್ಗಿಗೆ ಮೊದಲು ಮಿಲ್ಲಿನವರು ಆ ಪೈಪಿಗೆ ಒಂದು ಅಂಗಿ ತೊಡಿಸಲಿ ನೋಡೋಣ!