ಕಾಯ್ದೆ ಬಂದರೂ ನಿಲ್ಲದ ಅಂಚೆ ಗಾಂಜಾ

ಕೆನಡಾದ ಗಾಂಜಾ ಕಾಯ್ದೆಯು 2018ರ ಅಕ್ಟೋಬರ್ 17ರಂದು ಜಾರಿಗೆ ಬಂದಾಗ, ವಯಸ್ಕರಿಗೆ ಗಾಂಜಾ ಮಾರಾಟವನ್ನು ದೇಶದಾದ್ಯಂತ ಕಾನೂನುಬದ್ಧಗೊಳಿಸಿದ ರಾಷ್ಟ್ರಗಳಲ್ಲಿ ಉರುಗ್ವೆಯ ನಂತರದ ಸ್ಥಾನ ಅದಕ್ಕೆ ದೊರೆಯಿತು. ಎಳೆಯರ ಆರೋಗ್ಯವನ್ನು ಕಾಯುವುದರ ಜೊತೆಗೆ ಅಕ್ರಮ ವಹಿವಾಟನ್ನು ತಗ್ಗಿಸುವುದೂ ಕಾಯ್ದೆಯ ಘೋಷಿತ ಉದ್ದೇಶವಾಗಿತ್ತು. ಆದರೆ ಅಂತರ್ಜಾಲದಲ್ಲಿ ಆರ್ಡರ್ ಪಡೆದು ಅಂಚೆಯ ಮೂಲಕ ಗಾಂಜಾ ತಲುಪಿಸುತ್ತಿದ್ದ ಪರವಾನಗಿರಹಿತ ಮಾರಾಟಗಾರರು ಅಂದು ವ್ಯಾಪಾರ ನಿಲ್ಲಿಸಲಿಲ್ಲ. ‘ಮೇಲ್ ಆರ್ಡರ್ ಮರಿವಾನಾ’ ಎಂಬುದನ್ನು ಮೊಟಕುಗೊಳಿಸಿ ಗ್ರಾಹಕರು ‘ಮಾಮ್’ ಎಂದು ಕರೆಯುವ ಈ ವ್ಯವಸ್ಥೆಯು, ನಿಷೇಧವನ್ನು ತೆಗೆದ ಮಾತ್ರಕ್ಕೆ ಕಾಳಸಂತೆ ಕರಗುವುದಿಲ್ಲವೆಂಬುದಕ್ಕೆ ನಿದರ್ಶನವಾಗಿದೆ.

ಈ ವ್ಯಾಪಾರಕ್ಕೆ ದಾರಿಯನ್ನು ಒಂದರ್ಥದಲ್ಲಿ ಸರ್ಕಾರವೇ ತೋರಿಸಿಕೊಟ್ಟಿತ್ತು. 2001ರಿಂದ ಚಿಕಿತ್ಸೆಗಾಗಿ ಗಾಂಜಾ ಬಳಸಲು ಅನುಮತಿಯಿದ್ದ ಕೆನಡಾದಲ್ಲಿ, 2013ರಲ್ಲಿ ರೂಪುಗೊಂಡ ನಿಯಮಗಳು ಅಂಗಡಿ ಮಾರಾಟಕ್ಕೆ ಅವಕಾಶ ನೀಡದೆ, ಪರವಾನಗಿ ಪಡೆದ ಉತ್ಪಾದಕರು ರೋಗಿಗಳಿಗೆ ನೇರವಾಗಿ ಪೊಟ್ಟಣ ಕಳುಹಿಸುವ ಪದ್ಧತಿಯನ್ನು ತಂದವು. ಗಾಂಜಾ ಅಂಚೆಯಲ್ಲಿ ಬರುವುದು ಹೀಗೆ ರೂಢಿಯಾದಾಗ, ಅದೇ ಮಾರ್ಗವನ್ನು ಪರವಾನಗಿಯಿಲ್ಲದವರೂ ಹಿಡಿದರು. ಅವರಲ್ಲಿ ಅನೇಕರಿಗೆ, ದಶಕಗಳಿಂದ ಗಾಂಜಾ ಬೆಳೆಗೆ ಹೆಸರಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯವೇ ಸರಕಿನ ಮೂಲವಾಯಿತು.

ಹಣವನ್ನು ಕಾರ್ಡಿನ ಬದಲು, ಇಮೇಲ್ ವಿಳಾಸದ ಆಧಾರದ ಮೇಲೆ ಬ್ಯಾಂಕಿನಿಂದ ಬ್ಯಾಂಕಿಗೆ ವರ್ಗಾಯಿಸುವ ಇಂಟರಾಕ್ ಇ-ಟ್ರಾನ್ಸ್‌ಫರ್ ಮೂಲಕ ಪಡೆದು, ವಾಸನೆ ಹೊರಸೂಸದಂತೆ ಗಾಳಿ ತೆಗೆದು ಮುಚ್ಚಿದ ಚೀಲವನ್ನು ಸಾಮಾನ್ಯ ಲಕೋಟೆಯಲ್ಲಿ ರವಾನಿಸುವುದು ಈ ಮಾರಾಟಗಾರರ ರೂಢಿ. ಸಾಗಣೆಯಲ್ಲಿರುವ ಅಂಚೆಯನ್ನು ಪೊಲೀಸರು ವಶಪಡಿಸಿಕೊಳ್ಳದಂತೆ ಕೆನಡಾದ ಅಂಚೆ ನಿಗಮ ಕಾಯ್ದೆಯು ನೀಡಿದ್ದ ರಕ್ಷಣೆಯು ನಾಗರಿಕರ ಖಾಸಗಿತನಕ್ಕಾಗಿ ಇದ್ದುದಾದರೂ, ಅದರ ಲಾಭ ಇವರಿಗೂ ದಕ್ಕಿತು.

ಗ್ರಾಹಕರನ್ನು ಹಿಡಿದಿಟ್ಟುಕೊಂಡ ಮುಖ್ಯ ಸಂಗತಿಯೆಂದರೆ ಬೆಲೆ. ಜನರು ಸ್ವಇಚ್ಛೆಯಿಂದ ಒದಗಿಸಿದ ಮಾಹಿತಿಯನ್ನು ಕ್ರೋಡೀಕರಿಸಿದ ಸ್ಟ್ಯಾಟಿಸ್ಟಿಕ್ಸ್ ಕೆನಡಾ ಸಂಸ್ಥೆಯ ಪ್ರಕಾರ, 2019ರ ಕೊನೆಯ ತ್ರೈಮಾಸಿಕದಲ್ಲಿ ಕಾನೂನುಬದ್ಧ ಗಾಂಜಾದ ಸರಾಸರಿ ದರ ಗ್ರಾಂಗೆ 10.30 ಡಾಲರ್ ಇದ್ದರೆ, ಅಕ್ರಮ ಸರಕು 5.73 ಡಾಲರಿಗೆ ಸಿಗುತ್ತಿತ್ತು. ಗ್ರಾಂಗೆ 1 ಡಾಲರ್ ಅಥವಾ ಉತ್ಪಾದಕರ ಬೆಲೆಯ ಶೇ 10, ಇವುಗಳಲ್ಲಿ ಹೆಚ್ಚಿನ ಮೊತ್ತದ ಅಬಕಾರಿ ಸುಂಕ, ಅದರ ಮೇಲೆ ಮಾರಾಟ ತೆರಿಗೆ, ಪ್ರಯೋಗಾಲಯ ಪರೀಕ್ಷೆ ಮತ್ತು ಭದ್ರತೆಯ ವೆಚ್ಚ, ಇವೆಲ್ಲವನ್ನೂ ಹೊರುವವರು ಪರವಾನಗಿ ಪಡೆದವರು ಮಾತ್ರ. ಜೊತೆಗೆ ಅತ್ಯಧಿಕ ಜನಸಂಖ್ಯೆಯ ಒಂಟಾರಿಯೊ ಪ್ರಾಂತ್ಯದಲ್ಲಿ 2019ರ ಏಪ್ರಿಲ್‌ವರೆಗೆ ಕಾನೂನುಬದ್ಧ ಅಂಗಡಿಗಳೇ ತೆರೆಯಲಿಲ್ಲ. ಸರ್ಕಾರಿ ಜಾಲತಾಣವೊಂದೇ ದಾರಿಯಾಗಿದ್ದ ಹೊತ್ತಿನಲ್ಲಿ, 2018ರ ಅಕ್ಟೋಬರ್ 22ರಂದು ಆರಂಭವಾದ ಅಂಚೆ ನೌಕರರ ಸರದಿ ಮುಷ್ಕರದಿಂದ ಅದರ ಬಟವಾಡೆಯೂ ತಡವಾಯಿತು.

ಅಗ್ಗದ ಪೊಟ್ಟಣದಲ್ಲಿ ಇಲ್ಲದಿರುವುದೇನೆಂಬುದು ಕಾನೂನುಬದ್ಧ ಪೊಟ್ಟಣವನ್ನು ನೋಡಿದರೆ ತಿಳಿಯುತ್ತದೆ. ಬಣ್ಣಬಣ್ಣದ ಆಕರ್ಷಣೆಯಿಲ್ಲದ, ಮಕ್ಕಳು ಸುಲಭವಾಗಿ ತೆರೆಯಲಾಗದ ಡಬ್ಬಿಯ ಮೇಲೆ ಕೆಂಪು ಎಚ್ಚರಿಕೆ ಚಿಹ್ನೆ, ಹಳದಿ ಪಟ್ಟಿಯಲ್ಲಿ ಆರೋಗ್ಯ ಸೂಚನೆ, ಆಯಾ ಪ್ರಾಂತ್ಯದ ಅಬಕಾರಿ ಚೀಟಿ ಹಾಗೂ ಮತ್ತು ಬರಿಸುವ ರಾಸಾಯನಿಕವಾದ ಟಿಎಚ್‌ಸಿಯ ಪ್ರಮಾಣ ಇರಲೇಬೇಕು. 2019ರಲ್ಲಿ ಅನುಮತಿ ದೊರೆತ ಗಾಂಜಾ ತಿನಿಸುಗಳಲ್ಲಿ ಪೊಟ್ಟಣಕ್ಕೆ 10 ಮಿಲಿಗ್ರಾಂ ಟಿಎಚ್‌ಸಿ ಗರಿಷ್ಠ ಮಿತಿಯಾದರೆ, ಮಕ್ಕಳ ಮಿಠಾಯಿಯನ್ನೇ ಹೋಲುವ ಅಕ್ರಮ ಪೊಟ್ಟಣಗಳ ಮೇಲೆ ನೂರಾರು ಮಿಲಿಗ್ರಾಂ ಎಂದು ನಮೂದಾಗಿರುತ್ತದೆ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪರೀಕ್ಷೆಗೊಳಗಾದ ಅಕ್ರಮ ಮಾದರಿಗಳ ಶೇ 92ರಲ್ಲಿ ಕೀಟನಾಶಕಗಳ ಶೇಷ ಕಂಡುಬಂದರೆ, ಪರವಾನಗಿ ಪಡೆದವರ ಮಾದರಿಗಳಲ್ಲಿ ಆ ಪ್ರಮಾಣ ಶೇ 6ರಷ್ಟಿತ್ತು. ಅಕ್ರಮ ಮಾದರಿಗಳಲ್ಲಿ ಪತ್ತೆಯಾದ ಮೈಕ್ಲೋಬುಟಾನಿಲ್, ದ್ರಾಕ್ಷಿಯ ಬೂದಿರೋಗಕ್ಕೆ ಸಿಂಪಡಿಸುವ ಔಷಧವಾಗಿ ವಿಜಯಪುರದ ಬೆಳೆಗಾರರಿಗೂ ಪರಿಚಿತ. ಅದನ್ನು ಸುಟ್ಟಾಗ ವಿಷಾನಿಲವಾದ ಹೈಡ್ರೋಜನ್ ಸಯನೈಡ್ ಹುಟ್ಟುವುದರಿಂದ ಸೇದುವ ವಸ್ತುವಿನಲ್ಲಿ ಅದರ ಇರುವಿಕೆ ಹೆಚ್ಚು ಆತಂಕಕಾರಿ.

ಕೊಳ್ಳುವವರೂ ಕಾನೂನಿನ ಹೊರಗಿಲ್ಲ. ಪರವಾನಗಿಯಿಲ್ಲದ ಮಾರಾಟಕ್ಕೆ ಗರಿಷ್ಠ 14 ವರ್ಷಗಳ ಸೆರೆವಾಸವಿದ್ದರೆ, ವಯಸ್ಕರು ಸಾರ್ವಜನಿಕವಾಗಿ 30 ಗ್ರಾಂವರೆಗೆ ಒಣ ಗಾಂಜಾ ಇಟ್ಟುಕೊಳ್ಳಬಹುದೆಂಬ ವಿನಾಯಿತಿಯು ಅಕ್ರಮ ಮೂಲದ್ದೆಂದು ತಿಳಿದೇ ಪಡೆದ ಸರಕಿಗೆ ಅನ್ವಯಿಸುವುದಿಲ್ಲ. ಆದರೆ ಲಕೋಟೆ ಹರಿದ ಮೇಲೆ ಎರಡೂ ಸೊಪ್ಪು ಒಂದೇ ರೀತಿ ಕಾಣುವುದರಿಂದ ಇದನ್ನು ಸಾಬೀತುಪಡಿಸುವುದು ಸುಲಭವಲ್ಲ. ಅಲ್ಲಿ ಓದುತ್ತಿರುವ ಕರ್ನಾಟಕದ ವಿದ್ಯಾರ್ಥಿಗಳ ಮಟ್ಟಿಗೆ ಇನ್ನೊಂದು ಅಂಶ ಮುಖ್ಯ: ಕಾನೂನುಬದ್ಧವಾಗಿ ಕೊಂಡ ಗಾಂಜಾವನ್ನೂ ಕೆನಡಾದ ಗಡಿಯಾಚೆ ಒಯ್ಯುವುದು ಅಪರಾಧ, ಭಾರತಕ್ಕೆ ತಂದರೆ 1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ದ್ರವ್ಯ ನಿಯಂತ್ರಣ ಕಾನೂನು, ಅನ್ವಯಿಸುತ್ತದೆ.

ಗ್ರಾಹಕರು ಕ್ರಮೇಣ ಕಾನೂನುಬದ್ಧ ಮಾರುಕಟ್ಟೆಯತ್ತ ಹೊರಳಿದ ಬದಲಾವಣೆಗೆ ಬೆಲೆಯೂ ಅಂಗಡಿಗಳ ಸಾಮೀಪ್ಯವೂ ಬಹುಮಟ್ಟಿಗೆ ಕಾರಣವಾದವು. ಕ್ವಿಬೆಕ್ ಪ್ರಾಂತ್ಯದ ಸರ್ಕಾರಿ ಮಳಿಗೆಗಳಲ್ಲಿ 2019ರ ಅಕ್ಟೋಬರಿನಲ್ಲಿ ತೆರಿಗೆಯೂ ಸೇರಿ 125.70 ಡಾಲರಿಗೆ 28 ಗ್ರಾಂ ಪೊಟ್ಟಣ ಬಂದಾಗ, ಗ್ರಾಂಗೆ 4.49 ಡಾಲರಿನ ಆ ದರವು ಕಾಳಸಂತೆಯ ಸರಾಸರಿಗಿಂತಲೂ ಕೆಳಗಿತ್ತು. ಅಂಗಡಿಗಳು ಹೆಚ್ಚಿ ದರ ಇಳಿಯುತ್ತಾ ಹೋದಂತೆ, 2020ರ ಮೂರನೆಯ ತ್ರೈಮಾಸಿಕದಲ್ಲಿ ಕಾನೂನುಬದ್ಧ ಗಾಂಜಾದ ಮೇಲಿನ ವೆಚ್ಚವು ಅಕ್ರಮ ಗಾಂಜಾದ ಮೇಲಿನ ವೆಚ್ಚವನ್ನು ಮೀರಿತು. ಆದರೂ ತೆರಿಗೆ ಕೊಡದವರಿಗೆ ಬೆಲೆಯಲ್ಲಿ ಸದಾ ಒಂದು ಹೆಜ್ಜೆ ಮುಂದಿರಲು ಸಾಧ್ಯ. ಸುಂಕ ಇಳಿಸಿದರೆ ಸೇವನೆ ಹೆಚ್ಚುವ ಭಯ, ಏರಿಸಿದರೆ ಗ್ರಾಹಕರು ಮತ್ತೆ ಲಕೋಟೆಯತ್ತ ಹೊರಳುವ ಭಯ. ಗಾಂಜಾವನ್ನು ಕಾನೂನಿನೊಳಗೆ ತರಲು ಹೊರಡುವ ಯಾವುದೇ ಸರ್ಕಾರ ಈ ಲೆಕ್ಕಾಚಾರವನ್ನು ಮೊದಲ ದಿನದಿಂದಲೇ ಮಾಡಬೇಕಾಗುತ್ತದೆ.